ಕಾಲು ಉಳುಕಿದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಸಿಯೋಥೆರಪಿಗೆ ಬಂದವರು ಎದುರು ಕೂತು ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಪತ್ರದಲ್ಲಿ ಬರೆದು ಕೇಳಿದ್ದು ಎಲ್ಲ ಇಲ್ಲಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲ ದಿನದ ಗಾಬರಿಯಿಂದ ಹಿಡಿದು ಆಪರೇಷನ್ನಿನವರೆಗೆ ಸರದಿಯಲ್ಲಿವೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಅರ್ಥವಾಗುತ್ತದೆ. ಒಂದು ಮಾತನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ: ನೋವು ನಿಂತ ದಿನಕ್ಕೆ ಕೆಲಸ ಅರ್ಧ ಮುಗಿದಿರುತ್ತದೆ. ಉಳಿದರ್ಧವನ್ನು ಬಿಟ್ಟವರೇ ಮತ್ತೆ ಮತ್ತೆ ಬರುತ್ತಾರೆ.

## ಮೊದಲ ದಿನಗಳು

ಉಳುಕಿದೆ ಅಂತಾರಲ್ಲ, ಒಳಗೆ ನಿಜವಾಗಿ ಏನಾಗಿರುತ್ತೆ?

ಮೂಳೆಗೂ ಮೂಳೆಗೂ ನಡುವೆ ಬಿಗಿದು ಹಿಡಿಯುವ ಗಟ್ಟಿ ಪಟ್ಟಿಗಳಿವೆ. ಅವೇ ಲಿಗಮೆಂಟ್‌ಗಳು. ಪಾದದ ಗಂಟಿನ ಹೊರಬದಿಯಲ್ಲಿ ಅಂಥವು ಮೂರು. ಪಾದ ಒಳಕ್ಕೆ ಮಗುಚಿ ಮೈಭಾರವೆಲ್ಲ ಅದರ ಮೇಲೆ ಬಿದ್ದಾಗ ಮುಂದಿನ ಪಟ್ಟಿಗೆ ಮೊದಲು ಏಟು ಬೀಳುತ್ತದೆ. ಪೆಟ್ಟು ಜೋರಾಗಿದ್ದರೆ ನಡುವಿನದಕ್ಕೂ ಬೀಳುತ್ತದೆ. ಹಿಂದಿನದು ಹರಿಯುವುದು ಅಪರೂಪ. ಒಳಬದಿಯ ಪಟ್ಟಿ ದಪ್ಪ, ಬಲವಾದದ್ದು. ಹಾಗಾಗಿ ಬಹುಪಾಲು ಉಳುಕು ಹೊರಬದಿಯದೇ.

ಎಳೆಗಳು ಹಿಗ್ಗಿ ಅಲ್ಲಲ್ಲಿ ಕಿತ್ತಿದ್ದರೆ ಮೊದಲ ದರ್ಜೆ, ಅರ್ಧಂಬರ್ಧ ಹರಿದಿದ್ದರೆ ಎರಡನೆಯದು, ಪೂರ್ತಿ ತುಂಡಾಗಿದ್ದರೆ ಮೂರನೆಯದು. ಮೊದಲನೆಯದು ಒಂದೆರಡು ವಾರದಲ್ಲಿ ಹಿಡಿತಕ್ಕೆ ಬರುತ್ತದೆ. ಎರಡನೆಯದಕ್ಕೆ ಒಂದು, ಒಂದೂವರೆ ತಿಂಗಳು ಬೇಕು. ಮೂರನೆಯದಕ್ಕೆ ಮೂರು ತಿಂಗಳು ಅಂತ ಇಟ್ಟುಕೊಳ್ಳಿ. ‘ನರ ತಪ್ಪಿದೆ’ ಎನ್ನುವ ಮಾತು ರೂಢಿಯಲ್ಲಿದೆ, ಆದರೆ ಇಲ್ಲಿ ಯಾವ ನರವೂ ಜಾಗ ಬಿಟ್ಟು ಹೋಗಿರುವುದಿಲ್ಲ.

ಮೂಳೆ ಮುರಿದಿದೆಯೋ ಬರೀ ಉಳುಕೋ, ಮನೆಯಲ್ಲೇ ಗೊತ್ತಾಗುತ್ತಾ?

ಖಚಿತವಾಗಿ ಗೊತ್ತಾಗುವುದಿಲ್ಲ. ಆದರೆ ಎಕ್ಸ್‌ರೇ ಬೇಕೋ ಬೇಡವೋ ಎಂದು ತೂಗಿ ನೋಡಲು ಒಳ್ಳೆಯ ನಿಯಮವೊಂದಿದೆ. 1992ರಲ್ಲಿ ಕೆನಡಾದ ಒಟ್ಟಾವಾದ ವೈದ್ಯರು ಅದನ್ನು ರೂಪಿಸಿದರು. ಇಂದಿಗೂ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಅದು ಬಳಕೆಯಲ್ಲಿದೆ.

ಗಂಟಿನ ಎರಡು ಬದಿಯಲ್ಲೂ ಉಬ್ಬಿದ ಮೂಳೆ ಇದೆಯಲ್ಲ, ಅದರ ತುದಿಯನ್ನೂ ತುದಿಯಿಂದ 6 ಸೆಂ.ಮೀ. ಮೇಲಿನವರೆಗೆ ಹಿಂಬದಿಯ ಅಂಚನ್ನೂ ಬೆರಳಿನಿಂದ ಒತ್ತಿ. ಆಮೇಲೆ ಕಿರುಬೆರಳ ಕಡೆಯಿಂದ ಪಾದದ ಹೊರ ಅಂಚಿನುದ್ದಕ್ಕೂ ಹಿಂದಕ್ಕೆ ಬೆರಳಾಡಿಸಿದರೆ ನಡುವೆ ಸಿಗುವ ಗುಬುಟನ್ನು ಒತ್ತಿ. ಒಳಬದಿಯಲ್ಲಿ ಪಾದದ ಕಮಾನಿನ ಮೇಲೆ ಎದ್ದು ಕಾಣುವ ಮೂಳೆಯನ್ನೂ ಒತ್ತಿ. ಮೂಳೆಯ ಮೇಲೇ ನೋವಿದ್ದರೆ ಎಕ್ಸ್‌ರೇ ಬೇಕು. ಬಿದ್ದ ತಕ್ಷಣವೂ ಈಗಲೂ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೂ ಬೇಕು.

ಹೊರ ಅಂಚಿನ ಆ ಗುಬುಟನ್ನು ಮರೆಯಬೇಡಿ. ಅದರ ಸುತ್ತಲಿನ ಒಂದು ಬಗೆಯ ಮುರಿತಕ್ಕೆ ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ರಾಬರ್ಟ್ ಜೋನ್ಸ್ ಅವರ ಹೆಸರಿದೆ. ಅವರು 1902ರಲ್ಲಿ ಅದನ್ನು ವಿವರಿಸಿದ್ದು ಕುಣಿಯುವಾಗ ತಮ್ಮದೇ ಪಾದ ಮುರಿದುಕೊಂಡ ಮೇಲೆ. ಉಳುಕಿದ ಹಾಗೆಯೇ ಮುರಿಯುತ್ತದೆ, ಆದ್ದರಿಂದ ಕಣ್ತಪ್ಪುವುದು ಸುಲಭ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿರುವವರು ಮತ್ತು ಚಿಕ್ಕ ಮಕ್ಕಳ ವಿಷಯದಲ್ಲಿ ಈ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ, ನೇರ ವೈದ್ಯರಲ್ಲಿಗೆ ಹೋಗಿ. ಪಾದ ಸೊಟ್ಟಗಾಗಿದ್ದರೆ, ಬಿಳಿಚಿ ತಣ್ಣಗಾಗಿದ್ದರೆ, ಸ್ಪರ್ಶ ತಿಳಿಯದಿದ್ದರೆ ಒತ್ತಿ ನೋಡುತ್ತಾ ಕೂರಲೇಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಹಿಮ್ಮಡಿಯ ಹಿಂದೆ ಯಾರೋ ಒದ್ದಂತಾಗಿ ತುದಿಗಾಲಲ್ಲಿ ಏಳಲು ಆಗದಿದ್ದರೆ ಅದು ಉಳುಕಲ್ಲ, ಅಲ್ಲಿನ ದಪ್ಪ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹರಿದಿರಬಹುದು. ಅದನ್ನೂ ಅದೇ ದಿನ ತೋರಿಸಿ.

ಐಸ್ ಇಡಬೇಕಾ, ಬಿಸಿ ಶಾಖ ಕೊಡಬೇಕಾ?

ಮೊದಲ ಎರಡು ಮೂರು ದಿನ ಶಾಖ ಬೇಡ. ಬಿಸಿಗೆ ರಕ್ತದ ಹರಿವು ಹೆಚ್ಚಿ ಊತ ಇನ್ನೂ ಏರುತ್ತದೆ.

ಐಸ್ ಬಗ್ಗೆ ತಜ್ಞರ ಮಾತೂ ಬದಲಾಗಿದೆ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲೆತ್ತಿ ಇಡುವುದು ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಐಸೂ ಪೂರ್ತಿ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದು ಎಂದು ಮುಂದೆ ಅವರೇ ಬರೆದರು. ಊತವೆಂದರೆ ದೇಹ ರಿಪೇರಿ ಶುರುಮಾಡಿದೆ ಎಂದು ಅರ್ಥ, ಅದನ್ನು ಪೂರ್ತಿ ಅದುಮಿಡುವುದು ಬೇಡ ಎಂಬುದು ಇದರ ಹಿಂದಿನ ತರ್ಕ.

ನನ್ನ ಸಲಹೆ ಇಷ್ಟು: ಐಸ್ ಇರುವುದು ನೋವು ತಗ್ಗಿಸಲು. ಬೇಕೆನಿಸಿದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿ, ಬರಿ ಚರ್ಮದ ಮೇಲೆ ಬೇಡ. ನೋವು ತಡೆಯುವಂತಿದ್ದರೆ ಇಡದಿದ್ದರೂ ನಷ್ಟವಿಲ್ಲ. ವಾರ ಕಳೆದು ಗಂಟು ಬಿಗಿದುಕೊಂಡಾಗ, ವ್ಯಾಯಾಮಕ್ಕೆ ಮುಂಚೆ ಬೆಚ್ಚನೆಯ ನೀರಿನಲ್ಲಿ ಪಾದ ಮುಳುಗಿಸಿದರೆ ಹಾಯೆನಿಸುತ್ತದೆ.

ಕ್ರೇಪ್ ಬ್ಯಾಂಡೇಜ್ ಎಷ್ಟು ಬಿಗಿಯಾಗಿ ಸುತ್ತಬೇಕು?

ಬೆರಳುಗಳ ಬುಡದಿಂದ ಶುರುಮಾಡಿ ಮೇಲಕ್ಕೆ ಸುತ್ತಿ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ, ಹಿಮ್ಮಡಿಯೂ ಒಳಗೆ ಬರಲಿ. ಕಾಲ್ಬೆರಳ ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಬೆರಳು ಜೋಮು ಹಿಡಿದರೆ, ನೀಲಿಯಾದರೆ ಬಿಚ್ಚಿ ಸಡಿಲವಾಗಿ ಸುತ್ತಿ. ರಾತ್ರಿ ಮಲಗುವಾಗ ತೆಗೆದಿಡಿ.

ಚೆನ್ನಾಗಿ ಉಜ್ಜಿ, ಒಂದ್ಸಲ ಎಳೆಸಿಬಿಟ್ಟರೆ ಸರಿಹೋಗಲ್ವಾ?

ದಯವಿಟ್ಟು ಬೇಡ. ಹರಿದ ಎಳೆಗಳು ಕೂಡಿಕೊಳ್ಳಲು ಹೊರಟಿರುವಾಗ ಜೋರಾಗಿ ಎಳೆದರೆ ಮತ್ತೆ ಹರಿಯುತ್ತವೆ. ಒಳಗೆ ಗೊತ್ತಾಗದ ಬಿರುಕಿದ್ದರೆ ಅದು ಸರಿದು, ಪ್ಲಾಸ್ಟರಿನಲ್ಲಿ ಮುಗಿಯಬೇಕಾದ್ದು ಆಪರೇಷನ್ನಿಗೆ ಹೋಗಬಹುದು. ಹಗುರವಾಗಿ, ಪಾದದಿಂದ ಮೊಣಕಾಲಿನ ಕಡೆಗೆ ಅಂಗೈಯಿಂದ ನೀವುವುದರಲ್ಲಿ ತಪ್ಪಿಲ್ಲ, ಊತ ಇಳಿಯಲು ಅದು ನೆರವಾಗುತ್ತದೆ. ನೀವಿಸಿಕೊಳ್ಳುವವರ ಮುಖ ಕಿವುಚುವಷ್ಟು ಒತ್ತಡ ಹಾಕಬಾರದು, ಅಷ್ಟೇ.

## ಮತ್ತೆ ಕಾಲೂರುವಾಗ

ಎಷ್ಟು ದಿನ ಕಾಲು ಊರದೆ ಇರಬೇಕು?

ಮುರಿತವಿಲ್ಲ ಎಂದು ಗೊತ್ತಾದ ಮೇಲೆ ನೋವು ಬಿಟ್ಟಷ್ಟು ಭಾರವನ್ನು ಮೊದಲೆರಡು ದಿನದಲ್ಲೇ ಹಾಕಲು ಶುರುಮಾಡಬಹುದು. ಲಿಗಮೆಂಟಿನ ಹೊಸ ಎಳೆಗಳು ತಾವು ಹೊರಬೇಕಾದ ಎಳೆತದ ದಿಕ್ಕಿನಲ್ಲೇ ಜೋಡಿಸಿಕೊಳ್ಳುತ್ತವೆ. ಎಳೆತವೇ ಇಲ್ಲದಿದ್ದರೆ ಅಡ್ಡಾದಿಡ್ಡಿ ಬೆಳೆಯುತ್ತವೆ. ಪೂರ್ತಿ ಹರಿದು ಕಾಲಿಡಲೇ ಆಗದವರಿಗೆ ಮಾತ್ರ ಸುಮಾರು 10 ದಿನ ಪ್ಲಾಸ್ಟರ್ ಅಥವಾ ಗಟ್ಟಿ ಬೂಟು ಹಾಕುವುದುಂಟು.

ಕುಂಟುತ್ತಾ ನಡೆಯುವುದಕ್ಕಿಂತ ಊರುಗೋಲು ಹಿಡಿದು ನೆಟ್ಟಗೆ ನಡೆಯುವುದೇ ಮೇಲು. ಕುಂಟು ನಡಿಗೆ ಎರಡೇ ವಾರದಲ್ಲಿ ಅಭ್ಯಾಸವಾಗಿಬಿಡುತ್ತದೆ, ಬಿಡಿಸಲು ತಿಂಗಳು ಬೇಕು. ಹಿಮ್ಮಡಿ ಮೊದಲು ನೆಲಕ್ಕೆ ತಾಗಲಿ, ಆಮೇಲೆ ಅಂಗಾಲು, ಕೊನೆಗೆ ಹೆಬ್ಬೆರಳಿನಿಂದ ನೆಲವನ್ನು ನೂಕಿ. ಒಂದೇ ಕೋಲಿದ್ದರೆ ಅದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದು, ಇಳಿಯುವಾಗ ನೋವಿನ ಕಾಲು ಮುಂದು.

ಮೊದಲ ವಾರದಲ್ಲಿ ಏನು ವ್ಯಾಯಾಮ ಮಾಡಬಹುದು?

ಕಾಲು ಚಾಚಿ ಕೂತು ಪಾದವನ್ನು ನಿಮ್ಮ ಕಡೆಗೆ ಎಳೆಯಿರಿ, ಆಚೆಗೆ ಒತ್ತಿ. ಗಂಟೆಗೊಮ್ಮೆ 10–15 ಸಲ ಸಾಕು. ಮೀನಖಂಡದ ಸ್ನಾಯು ಪಂಪಿನಂತೆ ಕೆಲಸ ಮಾಡಿ ಊತದ ನೀರನ್ನು ಮೇಲಕ್ಕೆ ತಳ್ಳುತ್ತದೆ. ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವುದೂ ಒಳ್ಳೆಯದು. ಮಕ್ಕಳಿಗೆ ಇದು ತುಂಬ ಇಷ್ಟ, ‘ಅ’ದಿಂದ ‘ಳ’ದವರೆಗೆ ಬರೆದು ಮುಗಿಸುವಷ್ಟರಲ್ಲಿ ಗಂಟು ಎಲ್ಲ ದಿಕ್ಕಿಗೂ ತಿರುಗಿರುತ್ತದೆ. ಪಾದವನ್ನು ಪೂರ್ತಿ ಒಳಕ್ಕೆ ಮಗುಚುವುದನ್ನು ಮಾತ್ರ ಮೊದಲ ವಾರ ಬಲವಂತವಾಗಿ ಮಾಡಬೇಡಿ, ಹರಿದಿರುವುದು ಆ ದಿಕ್ಕಿನಲ್ಲೇ.

ವ್ಯಾಯಾಮ ಮಾಡಿದರೆ ನೋವು ಬರುತ್ತೆ. ನಿಲ್ಲಿಸಿಬಿಡಲಾ?

ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದ್ದು ಅಂತ ಅಂಕ ಕೊಟ್ಟು ನೋಡಿ. ಮೂರರವರೆಗಿನ ನೋವಿದ್ದರೆ ಮುಂದುವರಿಸಿ. ಅದನ್ನು ದಾಟಿದರೆ ಕಡಿಮೆ ಸಲ ಮಾಡಿ. ನಾನು ಹೆಚ್ಚು ನಂಬುವುದು ಮರುದಿನ ಬೆಳಗಿನ ಕಾಲನ್ನು. ಎದ್ದು ಮೊದಲ ಹತ್ತು ಹೆಜ್ಜೆ ನಿನ್ನೆಯಂತೆಯೇ ಇದ್ದರೆ ನಿನ್ನೆ ಮಾಡಿದ್ದು ಸರಿಯಿತ್ತು. ಊತವೋ ನೋವೋ ಹೆಚ್ಚಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ಪೂರ್ತಿ ಬಿಡಬೇಡಿ.

ಒಂದು ತಿಂಗಳಾಯ್ತು, ಆದರೂ ಸಂಜೆಯಾದರೆ ಕಾಲು ಊದುತ್ತೆ. ಭಯಪಡಬೇಕಾ?

ಬೆಳಿಗ್ಗೆ ಇಳಿದು ಸಂಜೆಗೆ ಮೂಡುವ ಊತ ತಿಂಗಳುಗಟ್ಟಲೆ ಇರಬಹುದು, ಮುರಿತವಾಗಿದ್ದರೆ ಇನ್ನೂ ಹೆಚ್ಚು ಕಾಲ. ಹೃದಯದ ಮಟ್ಟಕ್ಕಿಂತ ಎತ್ತರದಲ್ಲಿ 20 ನಿಮಿಷ ಕಾಲಿಟ್ಟು ಮಲಗಿ, ಪಾದ ಆಡಿಸುತ್ತಿರಿ.

ಭಯಪಡಬೇಕಾದ ಊತ ಬೇರೆ. ಮೀನಖಂಡವೇ ಊದಿ, ಮುಟ್ಟಿದರೆ ಬಿಸಿ, ಹಿಚುಕಿದರೆ ನೋವು ಇದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಪ್ಲಾಸ್ಟರ್ ಹಾಕಿಸಿಕೊಂಡು ಬಹಳ ದಿನ ಕಾಲಾಡಿಸದವರಲ್ಲಿ ಈ ಅಪಾಯ ಹೆಚ್ಚು. ಜೊತೆಗೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ.

ಪ್ಲಾಸ್ಟರ್ ತೆಗೆದ ಮೇಲೆ ಕಾಲು ಸೊರಗಿ ಕಡ್ಡಿಯಂತಾಗಿದೆ. ಮೊದಲಿನ ಹಾಗೆ ಆಗುತ್ತಾ?

ಆಗುತ್ತದೆ. ಆರು ವಾರ ಕೆಲಸವಿಲ್ಲದೆ ಕೂತ ಸ್ನಾಯು ಕರಗುತ್ತದೆ, ಚರ್ಮ ಒಣಗಿ ಪದರ ಏಳುತ್ತದೆ, ಗಂಟು ಮರದ ತುಂಡಿನಂತೆ ಬಿಗಿದಿರುತ್ತದೆ. ಪ್ಲಾಸ್ಟರ್ ಬಿಚ್ಚಿದ ದಿನ ಆ ಕಾಲನ್ನು ನೋಡಿ ಅತ್ತವರನ್ನು ನೋಡಿದ್ದೇನೆ. ಅವರೇ ಮೂರು ತಿಂಗಳ ಮೇಲೆ ಯಾವ ಕಾಲು ಮುರಿದಿತ್ತೆಂದು ಒಂದು ಕ್ಷಣ ಯೋಚಿಸಿ ಹೇಳಿದ್ದಾರೆ.

ಎಷ್ಟು ಭಾರ ಹಾಕಬೇಕೆಂಬುದನ್ನು ಮಾತ್ರ ನಿಮ್ಮ ಮೂಳೆ ವೈದ್ಯರು ಎಕ್ಸ್‌ರೇ ನೋಡಿ ಹೇಳಬೇಕು. ಪ್ಲೇಟು, ಸ್ಕ್ರೂ ಹಾಕಿದ್ದರೆ ಮುರಿತದ ಬಗೆಯ ಮೇಲೆ ಅದು ಬೇರೆ ಬೇರೆ. ಕಾಲಿಡುವ ಮುಂಚೆಯೇ ಒಂದು ತೂಕದ ಯಂತ್ರದ ಮೇಲೆ ಆ ಪಾದ ಇಟ್ಟು ‘20 ಕಿಲೋ’ ಎಂದರೆ ಎಷ್ಟು ಒತ್ತಡವೆಂದು ಅಭ್ಯಾಸ ಮಾಡಿ. ಅಂದಾಜಿನಲ್ಲಿ ಒತ್ತುವವರು ಹೆಚ್ಚಾಗಿ ಇಮ್ಮಡಿ ಒತ್ತಿರುತ್ತಾರೆ.

## ಚಲನೆ, ಬಲ, ಸಮತೋಲ

ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂರುವಾಗ ಗಂಟಿನ ಮುಂದೆ ಹಿಡಿದಂತಾಗುತ್ತೆ. ಯಾಕೆ?

ಎರಡು ಕೆಲಸಕ್ಕೂ ಮೊಣಕಾಲು ಪಾದದ ಬೆರಳನ್ನು ದಾಟಿ ಮುಂದೆ ಹೋಗಬೇಕು. ಆಗ ಪಾದದ ಮೇಲಿನ ಮೂಳೆ ಹಿಂದಕ್ಕೆ ಜಾರಬೇಕು. ಉಳುಕಿದ ಮೇಲೆ ಆ ಜಾರುವಿಕೆ ಕಡಿಮೆಯಾಗುತ್ತದೆ.

ಅಳೆಯುವುದು ಸುಲಭ. ಗೋಡೆಗೆ ಮುಖಮಾಡಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಿ. ತಾಗಿದರೆ ಪಾದವನ್ನು ಸ್ವಲ್ಪ ಹಿಂದೆ ಸರಿಸಿ ಮತ್ತೆ ತಾಗಿಸಿ. ಇನ್ನು ಹಿಮ್ಮಡಿ ಏಳುತ್ತದೆ ಎನ್ನುವ ಜಾಗದಲ್ಲಿ ಹೆಬ್ಬೆರಳಿಗೂ ಗೋಡೆಗೂ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯಿರಿ. ಅನೇಕರಲ್ಲಿ 10 ಸೆಂ.ಮೀ. ಆಸುಪಾಸು ಇರುತ್ತದೆ, ಆದರೆ ಮುಖ್ಯವಾದದ್ದು ಇನ್ನೊಂದು ಕಾಲಿಗೆ ಹೋಲಿಸಿ ಎಷ್ಟು ಕಡಿಮೆ ಎನ್ನುವುದು. ಇದೇ ಭಂಗಿ ಔಷಧಿಯೂ ಹೌದು: ದಿನಕ್ಕೆ ಎರಡು ಹೊತ್ತು, ತಲಾ 15 ಸಲ. ವಾರಕ್ಕೊಮ್ಮೆ ಅಳೆದು ಬರೆದಿಡಿ. ಅರ್ಧ ಸೆಂ.ಮೀ. ಹೆಚ್ಚಿದ್ದು ಕಣ್ಣಿಗೆ ಬಿದ್ದರೆ ಸಿಗುವ ಉತ್ಸಾಹವೇ ಬೇರೆ.

ಒಂಟಿಕಾಲಲ್ಲಿ ನಿಂತರೆ ಏನು ಪ್ರಯೋಜನ? ನೋವು ಹೋಗಿದೆಯಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಕಣ್ಣು ಮುಚ್ಚಿಕೊಂಡರೂ ಪಾದ ಯಾವ ಕಡೆ ವಾಲಿದೆ ಎಂದು ನಿಮಗೆ ಗೊತ್ತಾಗುತ್ತದೆ. ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಸಣ್ಣ ಸಣ್ಣ ನರತುದಿಗಳು ಲಿಗಮೆಂಟಿನಲ್ಲೂ ಸ್ನಾಯುವಿನಲ್ಲೂ ಇವೆ. ಲಿಗಮೆಂಟ್ ಹರಿದಾಗ ಅವಕ್ಕೂ ಪೆಟ್ಟಾಗುತ್ತದೆ ಎಂದು 1965ರಲ್ಲೇ ಲಂಡನ್ನಿನ ವೈದ್ಯ ಮೈಕೆಲ್ ಫ್ರೀಮನ್ ಮತ್ತು ಸಂಗಡಿಗರು ವಾದಿಸಿದರು. ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸುವ ತರಬೇತಿಗೆ ಬುನಾದಿ ಬಿದ್ದದ್ದು ಅಲ್ಲಿ. ಗಾಯ ಮಾದ ಮೇಲೂ ಸುದ್ದಿ ತಡವಾಗಿ ಮುಟ್ಟುತ್ತದೆ. ಪಾದ ಮಗುಚಲು ಶುರುವಾದ ಕ್ಷಣದಲ್ಲಿ ಕಾಲಿನ ಹೊರಬದಿಯ ಸ್ನಾಯು ಅದನ್ನು ಎಳೆದು ಹಿಡಿಯಬೇಕಿತ್ತು. ಅದು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕಾಲು ಉಳುಕಿಯಾಗಿರುತ್ತದೆ.

ಈಗಲೇ ಬರಿಗಾಲಲ್ಲಿ ನಿಂತು ನೋಡಿ. ಮೊದಲು ಒಳ್ಳೆಯ ಕಾಲು, ಆಮೇಲೆ ಉಳುಕಿದ್ದು. ಉಳುಕಿದ ಪಾದವನ್ನೇ ಗಮನಿಸಿ: ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ, ಗಂಟಿನ ಮುಂದೆ ಸ್ನಾಯುರಜ್ಜುಗಳು ತಂತಿಗಳಂತೆ ಎದ್ದು ಇಳಿಯುತ್ತವೆ, ಪಾದದ ಹೊರ ಅಂಚು ಒಮ್ಮೆ ಒತ್ತಿ ಒಮ್ಮೆ ಬಿಡುತ್ತದೆ. ಇನ್ನೊಂದು ಕಾಲಿನಲ್ಲಿ ಈ ಪರದಾಟ ಇಷ್ಟಿರುವುದಿಲ್ಲ. ನೋವಿಲ್ಲದಿದ್ದರೂ ಉಳಿದಿರುವ ಕೆಲಸ ಇದೇ.

ಗೋಡೆ ಪಕ್ಕದಲ್ಲಿ ನಿಂತು 30 ಸೆಕೆಂಡಿನಿಂದ ಶುರುಮಾಡಿ, ಮೂರು ಸಲ. ಸುಲಭವಾದ ಮೇಲೆ ತಲೆಯನ್ನು ಅತ್ತಿತ್ತ ತಿರುಗಿಸುತ್ತಾ ನಿಲ್ಲಿ. ಆಮೇಲೆ ಕಣ್ಣು ಮುಚ್ಚಿ. ಆಮೇಲೆ ದಿಂಬಿನ ಮೇಲೆ. ಕೊನೆಗೆ ಯಾರಾದರೂ ಎಸೆದ ಚೆಂಡನ್ನು ಹಿಡಿಯುತ್ತಾ. ಹಲ್ಲುಜ್ಜುವ ಎರಡು ನಿಮಿಷಕ್ಕೆ ಇದನ್ನು ಗಂಟುಹಾಕಿದವರು ಬಿಡದೆ ಮಾಡುತ್ತಾರೆ, ಪ್ರತ್ಯೇಕ ಸಮಯ ಹುಡುಕಹೊರಟವರು ನಾಲ್ಕನೇ ದಿನಕ್ಕೆ ನಿಲ್ಲಿಸುತ್ತಾರೆ.

ಫಲವನ್ನು ಅಳೆದಿದ್ದಾರೆ. 2009ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ, ಕಾಲು ಉಳುಕಿದ್ದ 522 ಕ್ರೀಡಾಪಟುಗಳಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರ ಮನೆಯಲ್ಲೇ ಸಮತೋಲದ ವ್ಯಾಯಾಮ ಮಾಡಲು ಹೇಳಿದರು. ಮುಂದಿನ ಒಂದು ವರ್ಷದಲ್ಲಿ ಅವರಲ್ಲಿ ಶೇ 22 ಮಂದಿಗೆ ಮತ್ತೆ ಉಳುಕಿತು. ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದ ಉಳಿದವರಲ್ಲಿ ಶೇ 33. ಖರ್ಚಿಲ್ಲದ ಕೆಲಸಕ್ಕೆ ಇದು ಸಣ್ಣ ಲಾಭವಲ್ಲ.

ತುದಿಗಾಲಲ್ಲಿ ಏಳುವುದನ್ನು ಎಷ್ಟು ಸಲ ಮಾಡಿದರೆ ಬಲ ಬಂದಂತೆ?

ಒಂಟಿಕಾಲಲ್ಲಿ, ಹಿಮ್ಮಡಿಯನ್ನು ಪೂರ್ತಿ ಎತ್ತಿ, 25 ಸಲ ಎನ್ನುವುದು ಹಳೆಯ ಅಳತೆ. ವಯಸ್ಸಾದವರಿಗೆ ಅಷ್ಟು ಬೇಕಿಲ್ಲ, ಒಳ್ಳೆಯ ಕಾಲು ಎಷ್ಟು ಮಾಡುತ್ತದೋ ಅದರ ಹತ್ತಿರ ಬಂದರೆ ಸಾಕು. ಮೊದಲು ಎರಡೂ ಕಾಲಲ್ಲಿ ಏಳಿ, ನಂತರ ಎರಡರಲ್ಲಿ ಎದ್ದು ಒಂದರಲ್ಲಿ ನಿಧಾನವಾಗಿ ಇಳಿಯಿರಿ, ಕೊನೆಗೆ ಒಂದರಲ್ಲೇ. ಮೊಣಕಾಲು ತುಸು ಮಡಿಸಿಯೂ ಮಾಡಿ, ಮೀನಖಂಡದ ಒಳಪದರದ ಸ್ನಾಯುವಿಗೆ ಆಗ ಕೆಲಸ ಬೀಳುತ್ತದೆ. ಇದರ ಜೊತೆಗೆ ರಬ್ಬರ್ ಪಟ್ಟಿಯನ್ನು ಪಾದಕ್ಕೆ ಸಿಕ್ಕಿಸಿ ಹೊರಕ್ಕೆ ಎಳೆಯುವುದನ್ನು ತಪ್ಪಿಸಬೇಡಿ. ಮಗುಚುವ ಪಾದವನ್ನು ಹಿಡಿಯಬೇಕಾದ ಸ್ನಾಯು ಅದೇ.

## ಓಟ, ಆಟ ಮತ್ತು ಹಳೆಯ ನೋವು

ಯಾವಾಗಿಂದ ಗಾಡಿ ಓಡಿಸಬಹುದು?

ಹಠಾತ್ತನೆ ಬ್ರೇಕ್ ಒತ್ತಬೇಕಾದಾಗ ನೋವಿಗೆ ಅಳುಕದೆ ಪೂರ್ತಿ ಒತ್ತಲು ಆಗಬೇಕು. ನಿಂತ ಗಾಡಿಯಲ್ಲಿ ಕೂತು ಅದನ್ನು ಪರೀಕ್ಷಿಸಿ. ಪ್ಲಾಸ್ಟರ್ ಅಥವಾ ಬೂಟು ಹಾಕಿದ ಕಾಲಿನಿಂದ ಪೆಡಲ್ ಒತ್ತಲೇಬಾರದು.

ಓಡಲು ಯಾವಾಗ ಶುರುಮಾಡಲಿ?

ಕ್ಯಾಲೆಂಡರ್ ನೋಡಬೇಡಿ, ಕಾಲನ್ನು ಕೇಳಿ. ಅರ್ಧ ಗಂಟೆ ಬಿರುಸಾಗಿ ನಡೆದರೂ ಕುಂಟಬಾರದು. ಒಂಟಿಕಾಲಲ್ಲಿ 20 ಸಲವಾದರೂ ತುದಿಗಾಲೇಳಬೇಕು. ಅದೇ ಕಾಲಲ್ಲಿ ನಿಂತಲ್ಲೇ ಹತ್ತು ಸಲ ಕುಪ್ಪಳಿಸಿದರೆ ನೋವಿರಬಾರದು. ಈ ಮೂರೂ ಆದರೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಸಮತಟ್ಟು ನೆಲದಲ್ಲಿ ಶುರುಮಾಡಿ, ದಿನ ಬಿಟ್ಟು ದಿನ.

ನೇರ ಓಡುವುದು ಬೇರೆ, ಆಡುವುದು ಬೇರೆ. ಆಟದಲ್ಲಿ ತಟ್ಟನೆ ತಿರುಗಬೇಕು, ಇನ್ನೊಬ್ಬರ ಕಾಲ ಮೇಲೆ ಇಳಿಯಬೇಕಾಗಿ ಬರಬಹುದು. ಹಾಗಾಗಿ ಎಂಟರ ಆಕಾರದಲ್ಲಿ ಓಡುವುದು, ಪಕ್ಕಕ್ಕೆ ಜಿಗಿಯುವುದು, ಜಿಗಿದು ಒಂಟಿಕಾಲಲ್ಲಿ ಇಳಿದು ಅಲುಗಾಡದೆ ನಿಲ್ಲುವುದು ಇವೆಲ್ಲ ಪಂದ್ಯಕ್ಕೆ ಮುಂಚೆ ಆಗಿರಬೇಕು. ಒಂಟಿಕಾಲ ಜಿಗಿತದ ದೂರ ಇನ್ನೊಂದು ಕಾಲಿನದರ ಶೇ 90ರಷ್ಟಾದರೂ ಬರಲಿ ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ತಂಡದವರ ಒತ್ತಾಯಕ್ಕೆ ಇದನ್ನು ಬಿಟ್ಟುಕೊಡಬೇಡಿ.

ಬ್ರೇಸ್ (ಗಂಟಿಗೆ ಆಸರೆ ಕೊಡುವ ಕವಚ) ಹಾಕಿಕೊಂಡೇ ಇದ್ದರೆ ಕಾಲು ದುರ್ಬಲವಾಗಲ್ವಾ?

ಆಡುವಾಗ ಮಾತ್ರ ಹಾಕಿದರೆ ಆಗುವುದಿಲ್ಲ. ಒಮ್ಮೆ ಉಳುಕಿದವರಿಗೆ ಲೇಸು ಕಟ್ಟುವ ಬ್ರೇಸ್ ಒಳ್ಳೆಯ ರಕ್ಷಣೆ ಕೊಡುತ್ತದೆ. ಮೊದಲ ಆರು ತಿಂಗಳಿಂದ ವರ್ಷದವರೆಗೆ ಆಟಕ್ಕೆ ಹಾಕಿಕೊಳ್ಳಿ, ಮನೆಯೊಳಗೆ ಬೇಡ. ಟೇಪ್ ಸುತ್ತಿದರೆ ಆಡುತ್ತಾ ಆಡುತ್ತಾ ಬೆವರಿಗೆ ಸಡಿಲವಾಗುತ್ತದೆ, ಬ್ರೇಸನ್ನು ನಡುವೆ ಮತ್ತೆ ಬಿಗಿಯಬಹುದು. ಸಮತೋಲದ ವ್ಯಾಯಾಮಕ್ಕೆ ಬದಲಾಗಿ ಬ್ರೇಸ್ ಎಂದುಕೊಂಡರೆ ಮಾತ್ರ ತಪ್ಪು.

ಎರಡು ತಿಂಗಳು ಕಳೆದರೂ ನೋವು ಹೋಗಿಲ್ಲ. ಏನಿರಬಹುದು?

ಮತ್ತೆ ಪರೀಕ್ಷೆ ಮಾಡಿಸಬೇಕು, ಬಹುಶಃ ಎಂಆರ್‌ಐ ಕೂಡ. ನೋವು ಗಂಟಿಗಿಂತ ಮೇಲೆ, ಎರಡು ಮೂಳೆಗಳ ನಡುವೆ ಇದ್ದು ಪಾದ ಹೊರಕ್ಕೆ ತಿರುಗಿಸಿದಾಗ ಹೆಚ್ಚಾದರೆ, ಆ ಮೂಳೆಗಳನ್ನು ಕಟ್ಟಿಹಿಡಿಯುವ ಮೇಲಿನ ಲಿಗಮೆಂಟಿಗೆ ಪೆಟ್ಟಾಗಿರಬಹುದು. ಅದು ವಾಸಿಯಾಗಲು ಸಾಮಾನ್ಯ ಉಳುಕಿಗಿಂತ ಬಹಳ ಹೆಚ್ಚು ದಿನ ಬೇಕು. ಗಂಟಿನ ಆಳದಲ್ಲಿ ನೋವಿದ್ದು ನಡುನಡುವೆ ಸಿಕ್ಕಿಕೊಂಡಂತಾದರೆ ಕೀಲಿನೊಳಗೆ ಮೂಳೆಯ ತುದಿಯನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿಗೆ ಏಟಾಗಿರಬಹುದು, ಇದು ಮೊದಲ ಎಕ್ಸ್‌ರೇಯಲ್ಲಿ ಕಾಣದಿರುವುದುಂಟು. ಹೊರ ಉಬ್ಬಿನ ಹಿಂದೆ ಲಟಕ್ ಎಂದು ಏನೋ ಜಾರಿದಂತಾದರೆ ಅಲ್ಲಿನ ಸ್ನಾಯುರಜ್ಜನ್ನು ನೋಡಿಸಬೇಕು.

ಬಟ್ಟೆ ಸೋಕಿದರೂ ಉರಿ, ಚರ್ಮದ ಬಣ್ಣ ಬದಲಾಗುವುದು, ಆ ಪಾದ ಮಾತ್ರ ಬೆವರುವುದು ಅಥವಾ ತಣ್ಣಗಾಗುವುದು ಇದ್ದರೆ ತಡಮಾಡಬೇಡಿ. ಅದು ನರಗಳ ನೋವಿನ ಒಂದು ಜಟಿಲ ತೊಂದರೆ, ಬೇಗ ಚಿಕಿತ್ಸೆ ಶುರುಮಾಡಿದಷ್ಟೂ ಒಳ್ಳೆಯದು. ‘ಸೋಮಾರಿತನ, ಕಾಲೂರಲು ಹೆದರಿಕೆ’ ಎಂದು ಮನೆಯವರು ಬೈಯುವುದನ್ನು ಕೇಳಿದ್ದೇನೆ. ಆ ನೋವು ನಿಜವಾದದ್ದು.

ವರ್ಷಕ್ಕೆ ಎರಡು ಮೂರು ಸಲ ಉಳುಕುತ್ತೆ. ಆಪರೇಷನ್ನೇ ಗತಿಯಾ?

ಮೊದಲು ನಾನು ಕೇಳುವುದು, ‘ಮೂರು ತಿಂಗಳು ಬಿಡದೆ ಬಲ, ಸಮತೋಲದ ವ್ಯಾಯಾಮ ಮಾಡಿದ್ದೀರಾ?’ ಎಂದು. ಹೆಚ್ಚಿನವರು ಎರಡು ವಾರ ಮಾಡಿ ಬಿಟ್ಟಿರುತ್ತಾರೆ. ಹತ್ತು ವರ್ಷದ ಹಿಂದೆ ಉಳುಕಿದ ಕಾಲಾದರೂ ಸರಿ, ತರಬೇತಿಗೆ ಸ್ಪಂದಿಸುತ್ತದೆ.

ನಿಜವಾಗಿ ಮಾಡಿಯೂ ಸಮತಟ್ಟು ನೆಲದಲ್ಲೇ ಕಾಲು ಮಗುಚುತ್ತಿದ್ದರೆ ಆಗ ಶಸ್ತ್ರಚಿಕಿತ್ಸೆಯ ಮಾತು. ಸಡಿಲವಾದ ಲಿಗಮೆಂಟನ್ನೇ ಬಿಗಿದು ಮೂಳೆಗೆ ಹೊಲಿಯುವ ವಿಧಾನವನ್ನು 1966ರಲ್ಲಿ ಸ್ವೀಡನ್ನಿನ ಲೆನಾರ್ಟ್ ಬ್ರೋಸ್ಟ್ರೋಮ್ ವಿವರಿಸಿದರು. ಸುಧಾರಿಸಿದ ರೂಪದಲ್ಲಿ ಇಂದಿಗೂ ಅದೇ ಹೆಚ್ಚು ಬಳಕೆಯಲ್ಲಿದೆ. ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಆದರೆ ಹೊಲಿಗೆ ಲಿಗಮೆಂಟನ್ನು ಬಿಗಿಮಾಡುತ್ತದೆ, ಪಾದದ ಅರಿವನ್ನು ಹೊಲಿಯಲು ಬರುವುದಿಲ್ಲ. ಆಪರೇಷನ್ನಿನ ನಂತರವೂ ಗೋಡೆ ಪಕ್ಕದಲ್ಲಿ ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲುವುದರಿಂದಲೇ ಮತ್ತೆ ಶುರುಮಾಡಿಸುತ್ತೇವೆ.